ಚಿಗಟದಿಂದ ಬರುವ ಟೈಫಸ್ ಜ್ವರ: ನಮ್ಮ ತಮ್ಮನಿಗೆ ಬಂದಿತ್ತು, ನಿಮ್ಮ ಕಡೆ ಯಾರಿಗಾದರೂ ಬಂದಿದೆಯಾ?

ತುಂಗೆಯ ದಡ (ಶಿವಮೊಗ್ಗ)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮೂಲಮನೆ ತೀರ್ಥಹಳ್ಳಿ ಹತ್ತಿರ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಬೀಗ ಹಾಕಿದ ಮನೆ. ತೋಟಕ್ಕೆ ಆಳು ಬರುತ್ತಾರೆ, ಮನೆ ಒಳಗೆ ಮಾತ್ರ ಯಾರೂ ಕಾಲಿಡಲ್ಲ. ಭೂಮಿ ಹುಣ್ಣಿಮೆಗೆ ಅಂತ ತಮ್ಮ ಬೆಂಗಳೂರಿಂದ ಬಂದು ಬಾಗಿಲು ತೆಗೆದ. ಅಟ್ಟದ ತುಂಬಾ ಹಳೆ ಗೋಣಿಚೀಲ, ಇಲಿ ಹಿಕ್ಕೆ, ಮೂಲೆಯಲ್ಲಿ ಯಾವುದೋ ಬೆಕ್ಕು ಮರಿ ಹಾಕಿ ಹೋದ ಗುರುತು. ಇಡೀ ದಿನ ಅದನ್ನೇ ಗುಡಿಸಿದ. ರಾತ್ರಿ ಅಲ್ಲೇ ಕೆಳಗೆ ಚಾಪೆ ಹಾಸಿಕೊಂಡು ಮಲಗಿದ. ಬೆಳಗ್ಗೆ ನೋಡಿದರೆ ಕಾಲಿನ ಗಂಟಿನ ಸುತ್ತ ಸಾಲು ಸಾಲು ಕೆಂಪು ಗುಳ್ಳೆ. ತಿಗಣೆ ಇರಬೇಕು ಅಂದುಕೊಂಡೆವು. ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಪರಪರ ಕೆರೆದುಕೊಂಡೇ ವಾಪಸ್ ಹೋದ.

ಹನ್ನೆರಡು ದಿನ ಕಳೆದಿರಬೇಕು. ದೀಪಾವಳಿಗೆ ನಮ್ಮ ಮನೆಗೆ ಬಂದವನು ನೀರು ತುಂಬುವ ಹಬ್ಬದ ದಿನವೇ ಮಲಗಿಬಿಟ್ಟ. ಚಳಿ, ಜ್ವರ, ಹಣೆ ಸೀಳಿ ಹೋಗುವಂಥ ತಲೆನೋವು. ಮೊದಲು ತೋರಿಸಿದ ಕಡೆ ವೈರಲ್ ಅಂದರು. ನಾಲ್ಕನೇ ದಿನ ಪ್ಲೇಟ್‌ಲೆಟ್ ಸ್ವಲ್ಪ ಇಳಿದಿತ್ತು, ಡೆಂಗ್ಯೂ ಇರಬಹುದು ಅಂದರು, ಪರೀಕ್ಷೆಯಲ್ಲಿ ಬರಲಿಲ್ಲ. ಆಮೇಲೆ ವಿಡಾಲ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಅಂತ ಮೂರು ದಿನ ಇಂಜೆಕ್ಷನ್ ಕೊಟ್ಟರು. ಎಂಟನೇ ದಿನವೂ 103 ಡಿಗ್ರಿ. ನನಗೆ ಕೈಕಾಲೇ ಆಡಲಿಲ್ಲ.

ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ವಯಸ್ಸಾದ ಡಾಕ್ಟರೊಬ್ಬರು ಅವನ ಅಂಗಿ ಎತ್ತಿಸಿ, ಕಿಟಕಿ ಹತ್ತಿರ ನಿಲ್ಲಿಸಿ, ಟಾರ್ಚನ್ನು ಓರೆಯಾಗಿ ಹಿಡಿದು ಹೊಟ್ಟೆ ಎದೆ ನೋಡಿದರು. ನಮ್ಮ ಬಣ್ಣದ ಚರ್ಮದಲ್ಲಿ ಸುಲಭಕ್ಕೆ ಕಾಣದ, ತೀರಾ ಮಾಸಲು ಚುಕ್ಕೆಗಳು. ಆಮೇಲೆ ಒಂದೇ ಪ್ರಶ್ನೆ. "ಹದಿನೈದು ದಿನದ ಹಿಂದೆ ಎಲ್ಲಿ ಮಲಗಿದ್ದೆಪ್ಪಾ? ಇಲಿ ಬೆಕ್ಕು ಓಡಾಡೋ ಜಾಗನಾ?" ಎಂಟು ದಿನದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ನಾವಾಗಿಯೂ ಹೇಳಿರಲಿಲ್ಲ. ಡಾಕ್ಸಿಸೈಕ್ಲಿನ್ ಅನ್ನುವ ಆ್ಯಂಟಿಬಯೋಟಿಕ್ ಮಾತ್ರೆ ಶುರು ಮಾಡಿದರು. ಮೂರನೇ ಬೆಳಗ್ಗೆ ತಮ್ಮ ಎದ್ದು ಕೂತು "ಅಕ್ಕಾ, ಗಂಜಿಗೆ ಉಪ್ಪಿನಕಾಯಿ ಇದೆಯಾ" ಅಂದ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಮೂರು ವಾರದ ಅಂತರದಲ್ಲಿ ಎರಡು ಸಲ ರಕ್ತ ದೊಡ್ಡ ಲ್ಯಾಬಿಗೆ ಕಳಿಸಿದ್ದರು. ವರದಿ ಈ ವಾರ ಬಂತು. ಮ್ಯೂರಿನ್ ಟೈಫಸ್. ಇಲಿಯ ಚಿಗಟದಿಂದ ಬರುವ ಬ್ಯಾಕ್ಟೀರಿಯಾ ಜ್ವರ. ಅಪರೂಪದ ಕಾಯಿಲೆ ಅಂತ ಓದಿದೆ. ಲಾಸ್ ಏಂಜಲೀಸಿನಲ್ಲಿರುವ ಚಿಕ್ಕಪ್ಪನ ಮಗಳಿಗೆ ಹೇಳಿದರೆ ಅವಳು "ಅಪರೂಪ ಅಂತ ಯಾರಂದ್ರು, ನಮ್ಮ ಕೌಂಟಿಯಲ್ಲಿ ವರ್ಷ ವರ್ಷ ಜಾಸ್ತಿ ಆಗ್ತಿದೆ" ಅಂದಳು. ನಿಜವಾಗಿ ಅಪರೂಪವಾ, ಇಲ್ಲಾ ನಾವು ನೋಡುತ್ತಿಲ್ಲವಾ? ಗೊತ್ತಿದ್ದವರು ಹೇಳಿ.

ಬೆಕ್ಕಿನ ಮನೆ (ಸಾಗರ)
ಅಕ್ಕಾ, ಓದಿ ಎದೆ ಧಸಕ್ ಅಂತು. ತಮ್ಮ ಈಗ ಹೇಗಿದ್ದಾರೆ? ನಮ್ಮ ಮನೆಯಲ್ಲಿ ಮೂರು ಬೆಕ್ಕಿವೆ, ಮಗಳು ರಾತ್ರಿ ಒಂದನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾಳೆ. ಚಿಗಟ ಕಚ್ಚಿದರೆ ಜ್ವರ ಬಂದೇ ಬರುತ್ತಾ?

ತುಂಗೆಯ ದಡ
ಈಗ ಆರಾಮಿದ್ದಾನೆ, ಕೆಲಸಕ್ಕೆ ಹೋಗುತ್ತಿದ್ದಾನೆ. ಸುಸ್ತು ಮಾತ್ರ ಬಹಳ ದಿನ ಇತ್ತು.

ಪಿಎಚ್‌ಸಿ ಡಾಕ್ಟರ್ (ಹೊಸನಗರ ಕಡೆ)
ಕಚ್ಚಿದ ಪ್ರತಿಯೊಬ್ಬರಿಗೂ ಬರಲ್ಲ. ಚಿಗಟದ ಹೊಟ್ಟೆಯಲ್ಲಿ ರಿಕೆಟ್ಸಿಯಾ ಟೈಫಿ ಅನ್ನುವ ಬ್ಯಾಕ್ಟೀರಿಯಾ ಇರಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ರೋಗ ಒಳಗೆ ಹೋಗುವುದು ಹೆಚ್ಚಾಗಿ ಕಡಿತದಿಂದ ಅಲ್ಲ, ಚಿಗಟದ ಹಿಕ್ಕೆಯಿಂದ. ಅದು ರಕ್ತ ಹೀರುತ್ತಲೇ ಅಲ್ಲೇ ಹಿಕ್ಕೆ ಹಾಕುತ್ತೆ. ನಮಗೆ ತುರಿಸುತ್ತೆ, ನಾವು ಕೆರೆಯುತ್ತೇವೆ, ಆ ಕರಿ ಪುಡಿ ಉಗುರಿನಿಂದ ಗಾಯದೊಳಗೆ ಇಳಿಯುತ್ತೆ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರೂ ಹೋಗಬಹುದು. ಅಟ್ಟ ಗುಡಿಸುವಾಗ ಏಳುವ ಧೂಳಿನ ಜೊತೆ ಉಸಿರಲ್ಲೂ ಹೋಗಬಹುದು, ಏಕೆಂದರೆ ಒಣಗಿದ ಹಿಕ್ಕೆಯಲ್ಲೂ ಈ ಕ್ರಿಮಿ ಬಹಳ ಕಾಲ ಸಾಯಲ್ಲ. ನಿಮ್ಮ ತಮ್ಮ ಕೆರೆದುಕೊಂಡೂ ಇದ್ದಾರೆ, ಅಟ್ಟವನ್ನೂ ಗುಡಿಸಿದ್ದಾರೆ.

ಜ್ವರ ಬರುವುದು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬಿಟ್ಟು. ಅಷ್ಟರಲ್ಲಿ ಕಡಿತ ಮಾಯ, ಮನಸ್ಸಿನಿಂದಲೂ ಮಾಯ. ಜ್ವರ, ತಲೆನೋವು, ಮೈಕೈ ನೋವು, ವಾಕರಿಕೆ. ಐದನೇ ದಿನದ ಹೊತ್ತಿಗೆ ಸುಮಾರು ಅರ್ಧ ಜನರಿಗೆ ಹೊಟ್ಟೆ ಎದೆ ಮೇಲೆ ಗಂಧೆ ಏಳುತ್ತೆ, ಉಳಿದವರಿಗೆ ಅದೂ ಇಲ್ಲ. ಪ್ಲೇಟ್‌ಲೆಟ್ ಇಳಿಯುತ್ತೆ, ಲಿವರ್ ಪರೀಕ್ಷೆ ಸ್ವಲ್ಪ ಏರುತ್ತೆ. ಮಲೆನಾಡಿನಲ್ಲಿ ಹೀಗೆ ಕಾಣುವ ಜ್ವರ ಎಷ್ಟಿವೆ ಯೋಚಿಸಿ. ಡೆಂಗ್ಯೂ, ಇಲಿ ಜ್ವರ, ಸ್ಕ್ರಬ್ ಟೈಫಸ್, ಟೈಫಾಯ್ಡ್, ಕಾಡಂಚಿನಲ್ಲಿ ಉಣುಗಿನಿಂದ ಬರುವ ಮಂಗನ ಕಾಯಿಲೆ. ಮೊದಲು ನೋಡಿದ ವೈದ್ಯರನ್ನು ಬೈಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮಳೆಗಾಲದಲ್ಲಿ ಒಂದೇ ಬೆಳಗ್ಗೆ ಎಂಬತ್ತು ಜ್ವರದವರನ್ನು ನೋಡಿದ ದಿನ ನನಗೂ ಇದೆ. ಆದರೆ ಆ ಹಿರಿಯರು ಕೇಳಿದ ಪ್ರಶ್ನೆ ಇದೆಯಲ್ಲ, ಅದಕ್ಕೆ ಅರ್ಧ ನಿಮಿಷ ಸಾಕು. ನಾವೆಲ್ಲ ಕೇಳಲೇಬೇಕು.

ಅಡಿಕೆ ತೋಟ (ಕೊಪ್ಪ)
ಡಾಕ್ಟ್ರೇ ಒಂದು ಗೊಂದಲ. ನೀವು ಇಲಿ ಜ್ವರ ಅಂತ ಬೇರೆ ಹೇಳಿದಿರಿ. ಇದೂ ಇಲಿಯಿಂದ ಬರುವುದೇ ಅಲ್ವಾ? ಟೈಫಸ್ಸೂ ಟೈಫಾಯ್ಡೂ ಒಂದೇನಾ?

ಪಿಎಚ್‌ಸಿ ಡಾಕ್ಟರ್
ಮೂರೂ ಬೇರೆ ಬೇರೆ. ಇಲಿ ಜ್ವರ ಅಂತ ನಾವು ಕರೆಯುವುದು ಲೆಪ್ಟೊಸ್ಪೈರೋಸಿಸ್. ಅದು ಇಲಿಯ ಮೂತ್ರ ಸೇರಿದ ನೀರಿನಿಂದ, ಕೆಸರುಗದ್ದೆಯಲ್ಲಿ ಕಾಲಿನ ಬಿರುಕು, ಗಾಯದ ಮೂಲಕ ಬರುತ್ತೆ. ಟೈಫಾಯ್ಡ್ ಕೆಟ್ಟ ನೀರು, ಕೆಟ್ಟ ಊಟದಿಂದ. ಟೈಫಸ್ ಹುಳದಿಂದ. ಟೈಫಸ್‌ನಲ್ಲೂ ಬಗೆ ಇದೆ. ಹೇನಿನಿಂದ ಬರುವುದು ಹಿಂದೆ ಯುದ್ಧ, ಬರಗಾಲದಲ್ಲಿ ಲಕ್ಷಾಂತರ ಜನರನ್ನು ತಿಂದದ್ದು. ಸ್ಕ್ರಬ್ ಟೈಫಸ್ ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಚಿಗ್ಗರ್ ಮರಿಹುಳದಿಂದ, ನಮ್ಮ ಕಡೆ ಸಾಕಷ್ಟು ಸಿಗುತ್ತೆ. ಅದರಲ್ಲಿ ಕಂಕುಳು, ಸೊಂಟ, ತೊಡೆಸಂದಿಯಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಒಂದು ಕಪ್ಪು ಹೆಕ್ಕಳೆ ಇರಬಹುದು, ಅದು ಕಂಡರೆ ನಮಗೆ ದಾರಿ ಸಿಕ್ಕಿದ ಹಾಗೆ. ಈ ಚಿಗಟದ ಟೈಫಸ್‌ನಲ್ಲಿ ಆ ಹೆಕ್ಕಳೆ ಇರಲ್ಲ. ಹಾಗಾಗಿ ಇನ್ನೂ ಸುಲಭವಾಗಿ ತಪ್ಪಿಸಿಕೊಳ್ಳುತ್ತೆ.

ರಕ್ತ ಪರೀಕ್ಷೆ (ಶಿವಮೊಗ್ಗ, ಲ್ಯಾಬ್ ಟೆಕ್ನಿಷಿಯನ್)
ಲ್ಯಾಬ್ ಕಡೆಯಿಂದ ಎರಡು ಮಾತು. ವಿಡಾಲ್ ಒಂದೇ ಸಲ ಮಾಡಿ ಟೈಫಾಯ್ಡ್ ಅನ್ನುವುದು ಸರಿಯಲ್ಲ, ಅದು ಪೂರ್ತಿ ನಂಬಬಹುದಾದ ಪರೀಕ್ಷೆ ಅಲ್ಲ, ಹಳೆ ಸೋಂಕಿಗೂ ಬೇರೆ ಜ್ವರಕ್ಕೂ ಅದು ತಪ್ಪಾಗಿ ತೋರಿಸುತ್ತೆ. ಟೈಫಸ್‌ಗೆ ಊರಲ್ಲಿ ಸುಲಭವಾಗಿ ಸಿಗುವುದು ವೀಲ್ ಫೆಲಿಕ್ಸ್ ಅನ್ನುವ ರಕ್ತ ಪರೀಕ್ಷೆ. ಅದರಲ್ಲಿ ಒಎಕ್ಸ್ 19 ಏರಿದರೆ ಚಿಗಟದ ಟೈಫಸ್ ಕಡೆಗೆ, ಒಎಕ್ಸ್ ಕೆ ಏರಿದರೆ ಸ್ಕ್ರಬ್ ಕಡೆಗೆ ಅನುಮಾನ ಪಡುತ್ತೇವೆ. ಆದರೆ ಇದೂ ಎಷ್ಟೋ ರೋಗಿಗಳಲ್ಲಿ ಏನೂ ತೋರಿಸದೆ ಸುಮ್ಮನಾಗುತ್ತೆ. ಸರಿಯಾದ ಪರೀಕ್ಷೆ ಐಎಫ್ಎ, ರಕ್ತದಲ್ಲಿ ಈ ಕ್ರಿಮಿಯ ವಿರುದ್ಧ ಹುಟ್ಟಿದ ಪ್ರತಿಕಾಯ (ಆ್ಯಂಟಿಬಾಡಿ) ಎಷ್ಟಿದೆ ಅಂತ ನೋಡುವಂಥದ್ದು. ಜ್ವರದ ಮೊದಲ ವಾರ ಒಂದು ರಕ್ತ, ಎರಡರಿಂದ ನಾಲ್ಕು ವಾರ ಬಿಟ್ಟು ಇನ್ನೊಂದು. ಎರಡನೆಯದರಲ್ಲಿ ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಖಾತ್ರಿ.

ಈಗ ನೀವೇ ಹೇಳಿ, ಜ್ವರ ಬಿಟ್ಟು ಗದ್ದೆ ಕೆಲಸಕ್ಕೆ ಹೋದ ಮನುಷ್ಯ ಮೂರು ವಾರ ಬಿಟ್ಟು ಬಸ್ಸು ಹತ್ತಿ ರಕ್ತ ಕೊಡಲು ಬರುತ್ತಾನಾ? ಬರಲ್ಲ. ಹಾಗಾಗಿ ಲೆಕ್ಕಕ್ಕೂ ಬರಲ್ಲ. ಅಕ್ಕಾ, ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇದು.

ಟೆಕ್ಸಾಸ್‌ನಲ್ಲಿ ಮಲೆನಾಡಿಗ
ನಾನು ಹೂಸ್ಟನ್‌ನಲ್ಲಿದ್ದೇನೆ, ಊರು ಶೃಂಗೇರಿ ಹತ್ತಿರ. ಇಲ್ಲಿ ಇದು ನಿಜವಾಗಿಯೂ ಒಮ್ಮೆ ಹೋಗಿ ವಾಪಸ್ ಬಂದ ಕಾಯಿಲೆ. 1944ರಲ್ಲಿ ಅಮೆರಿಕದಲ್ಲಿ ಒಂದೇ ವರ್ಷ 5,000ಕ್ಕಿಂತ ಜಾಸ್ತಿ ಜನರಿಗೆ ಬಂದಿತ್ತು. ಆಮೇಲೆ ಇಲಿ ಓಡಾಡುವ ಜಾಗಕ್ಕೆಲ್ಲ ಡಿಡಿಟಿ ಪುಡಿ ಹಾಕಿದರು, ಇಲಿಗಳನ್ನು ಕಡಿಮೆ ಮಾಡಿದರು, 1950ರ ದಶಕದ ಕೊನೆಗೆ ವರ್ಷಕ್ಕೆ ನೂರಕ್ಕಿಂತ ಕಡಿಮೆ. ಕಥೆ ಮುಗಿಯಿತು ಅಂದುಕೊಂಡರು. ಟೆಕ್ಸಾಸ್‌ನಲ್ಲಿ 2003ರಲ್ಲಿ 27 ಇದ್ದದ್ದು 2013ಕ್ಕೆ 222 ಆಯಿತು. ಲಾಸ್ ಏಂಜಲೀಸ್ ಕೌಂಟಿಯಲ್ಲಿ 2010ರಲ್ಲಿ 31, 2022ರಲ್ಲಿ 171, ಆ ವರ್ಷ ಮೂವರು ಸತ್ತರು. 2024ರಲ್ಲಿ 187.

ಹಿಂದೆ ಇಲಿ ಮತ್ತು ಇಲಿಯ ಚಿಗಟ. ಈಗ ಇಲ್ಲಿ ಜಾಸ್ತಿ ಹೇಳುವುದು ಬೆಕ್ಕಿನ ಚಿಗಟ. ಒಪೋಸಮ್ ಅಂತ ಬೆಕ್ಕಿನ ಗಾತ್ರದ ಒಂದು ಪ್ರಾಣಿ ಇದೆ, ಕಾಂಗರೂ ಥರ ಹೊಟ್ಟೆಯ ಚೀಲದಲ್ಲಿ ಮರಿ ಸಾಕುತ್ತೆ. ಅದು ರಾತ್ರಿ ಮನೆಯ ಹಿತ್ತಲಿಗೆ ಬರುತ್ತೆ, ಬೀದಿ ಬೆಕ್ಕಿಗೆ ಅಂತ ಇಟ್ಟ ಊಟ ತಿನ್ನುತ್ತೆ, ಮೈತುಂಬಾ ಚಿಗಟ. ನಮ್ಮ ಪಕ್ಕದ ಬೀದಿಯ ಹೆಂಗಸೊಬ್ಬರು ದಿನಾ ಸಂಜೆ ಮೆಟ್ಟಿಲ ಮೇಲೆ ಬೆಕ್ಕಿಗೆ ಅನ್ನ ಇಡುತ್ತಿದ್ದರು. ಕೌಂಟಿಯವರು ಬಂದು, ಊಟ ಇಡುವುದಾದರೆ ನೀವೇ ನಿಂತು ತಿನ್ನಿಸಿ, ಉಳಿದದ್ದನ್ನು ತಕ್ಷಣ ತೆಗೆಯಿರಿ ಅಂತ ಸಮಾಧಾನವಾಗಿ ಹೇಳಿ ಹೋದರು.

ಸೊರಬ ಸೀಮೆ
ಒಪೋಸಮ್ ನಮ್ಮಲ್ಲಿ ಇಲ್ಲ, ಡಿಡಿಟಿ ಕಥೆ ಅಮೆರಿಕದ್ದು. ಬೇಜಾರಾಗಬೇಡಿ, ನೇರವಾಗಿ ಹೇಳುತ್ತೇನೆ. ನಮ್ಮ ಜನ ಈಗಾಗಲೇ ಹೆದರಿ ಬದುಕುತ್ತಿದ್ದಾರೆ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಶುರುವಾದ ಮಂಗನ ಕಾಯಿಲೆ ಇನ್ನೂ ಮುಗಿದಿಲ್ಲ. ಅರಳಗೋಡಿನಲ್ಲಿ 2019ರಲ್ಲಿ ಅದರಿಂದ ಏನಾಯಿತು ಅಂತ ಸಾಗರದವರನ್ನು ಕೇಳಿ. ಜನವರಿಯಿಂದ ಮೇ ತನಕ ದರಗು (ಒಣ ಎಲೆ) ತರಲು ಕಾಡಿಗೆ ಹೋಗಬೇಕಾದರೆ ಉಣುಗು ಹತ್ತದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತೇವೆ. ಉಣುಗಿನ ಜೊತೆಗೆ ಈಗ ಚಿಗಟಕ್ಕೂ ಹೆದರಿ ಅಂದರೆ ಜನ ಎಲ್ಲಿಗೆ ಹೋಗಬೇಕು? ಒಂದು ಕೇಸಿಗೆ ಇಷ್ಟು ದೊಡ್ಡ ಚರ್ಚೆ ಬೇಕಾ?

ತುಂಗೆಯ ದಡ
ಅಣ್ಣಾ, ಹೆದರಿಸಲು ಬರೆದಿಲ್ಲ. ನಿಮ್ಮ ಮಾತು ಓದಿದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಮಂಗನ ಕಾಯಿಲೆಯಲ್ಲಿ ಮಂಗ ಬಿದ್ದರೆ ಊರಿಗೆಲ್ಲ ಗೊತ್ತಾಗುತ್ತೆ. ಆರೋಗ್ಯ ಇಲಾಖೆಯವರು ಬರುತ್ತಾರೆ, ಕಾಡಿಗೆ ಹೋಗಬೇಡಿ ಅನ್ನುತ್ತಾರೆ. ನಮ್ಮಜ್ಜಿ ಪ್ಲೇಗಿನ ಕಾಲದ ಕಥೆ ಹೇಳುತ್ತಿದ್ದರು, ಇಲಿ ಬಿತ್ತು ಅಂದರೆ ಸಾಕಂತೆ, ಪಾತ್ರೆ ಪಡಗ ಕಟ್ಟಿಕೊಂಡು ಮನೆ ಬಿಟ್ಟು ತೋಟದಲ್ಲಿ ಸೋಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಸತ್ತ ಇಲಿ ಅವರಿಗೆ ಎಚ್ಚರಿಕೆ. ಈ ಟೈಫಸ್‌ನಲ್ಲಿ ಇಲಿ ಸಾಯುತ್ತಾ ಡಾಕ್ಟರೇ?

ಪಿಎಚ್‌ಸಿ ಡಾಕ್ಟರ್
ಇಲ್ಲ. ಇಲಿಗೆ ಏನೂ ಆಗಲ್ಲ, ಚೆನ್ನಾಗಿ ಓಡಾಡಿಕೊಂಡಿರುತ್ತೆ. ಚಿಗಟವೂ ಸಾಯಲ್ಲ. ಒಮ್ಮೆ ಸೋಂಕು ತಗುಲಿದ ಚಿಗಟ ಬದುಕಿರುವಷ್ಟು ದಿನ ಹರಡುತ್ತೆ. ನೀವು ಸರಿಯಾದ ಜಾಗಕ್ಕೇ ಕೈ ಇಟ್ಟಿರಿ. ಇಲ್ಲಿ ಯಾವ ಪ್ರಾಣಿಯೂ ಬಿದ್ದು ಹೇಳಲ್ಲ. ಜ್ವರ ಬಂದ ಮನುಷ್ಯನೇ ಬಾಯಿ ಬಿಟ್ಟು ಹೇಳಬೇಕು.

ಸೊರಬ ಸೀಮೆ
ಹ್ಞಾಂ. ಅದು ಒಪ್ಪತಕ್ಕ ಮಾತು. ನಾನು ಆ ರೀತಿ ಯೋಚಿಸಿರಲಿಲ್ಲ. ಮುಂದುವರಿಸಿ.

ಮೇಷ್ಟ್ರು (ನಿವೃತ್ತ, ಭದ್ರಾವತಿ)
ಪ್ಲೇಗಿನ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದದ್ದು ಅದರ ಹಿಂದೆಯೇ, ಇಕ್ಕಟ್ಟಿನ ಪೇಟೆಯಿಂದ ಜನರನ್ನು ಗಾಳಿ ಬೆಳಕಿನ ಜಾಗಕ್ಕೆ ಕಳಿಸಬೇಕು ಅಂತ. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮಾಂಡ್ ಅನ್ನುವ ಫ್ರೆಂಚ್ ವೈದ್ಯ, ಪ್ಲೇಗನ್ನು ಇಲಿಯಿಂದ ಇಲಿಗೆ ದಾಟಿಸುವುದು ಚಿಗಟ ಅಂತ ಪ್ರಯೋಗ ಮಾಡಿ ತೋರಿಸಿದ. ಬಹಳ ವರ್ಷ ಅವನ ಮಾತನ್ನು ಹೆಚ್ಚಿನವರು ನಂಬಲಿಲ್ಲ. ಈ ಟೈಫಸ್‌ನಲ್ಲೂ ಅದೇ ಇಲಿ ಚಿಗಟ. ಇದು ಇಲಿಯಿಂದ ಬರುತ್ತಿರಬಹುದು ಅಂತ ಅಮೆರಿಕದ ಮ್ಯಾಕ್ಸಿ ಅನ್ನುವ ವೈದ್ಯ 1926ರಲ್ಲಿ ಊಹಿಸಿದ್ದು, 1931ರಲ್ಲಿ ಇಲಿ ಚಿಗಟದಲ್ಲಿ ಕ್ರಿಮಿ ಸಿಕ್ಕಿತು. ರಿಕೆಟ್ಸಿಯಾ ಅನ್ನುವ ಹೆಸರಿನ ಹಿಂದೆಯೂ ಒಬ್ಬ ಮನುಷ್ಯ ಇದ್ದಾನೆ. ಹೊವಾರ್ಡ್ ರಿಕೆಟ್ಸ್. ಟೈಫಸ್ ಅಧ್ಯಯನ ಮಾಡಲು ಮೆಕ್ಸಿಕೊ ನಗರಕ್ಕೆ ಹೋಗಿ 1910ರಲ್ಲಿ ಅದೇ ಟೈಫಸ್‌ನಿಂದ ಸತ್ತ. ವಯಸ್ಸು ನಲವತ್ತೂ ಆಗಿರಲಿಲ್ಲ. ಇದನ್ನು ಪಾಠ ಮಾಡುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಪುಣೆ, ಲಖನೌ, ಕಾಶ್ಮೀರದ ಜೊತೆ ನಮ್ಮ ಮೈಸೂರಿನ ಹೆಸರೂ ಈ ಜ್ವರ ಕಂಡ ಊರುಗಳ ಪಟ್ಟಿಯಲ್ಲಿದೆ.

ಗಾಂಧಿ ಬಜಾರ್ ವರ್ತಕ (ಶಿವಮೊಗ್ಗ)
ನನ್ನದು ಕಾಳಿನ ಗೋಡೌನ್ ಇದೆ. ಓದುತ್ತಾ ಓದುತ್ತಾ ಒಂದು ಹಳೆ ವಿಷಯ ನೆನಪಾಯಿತು. ಹೋದ ವರ್ಷ ಇಲಿ ಕಾಟ ತಡೆಯದೆ ಪಾಷಾಣದ ಕೇಕ್ ಇಟ್ಟೆ. ನಾಲ್ಕೈದು ದಿನಕ್ಕೆ ಇಲಿ ಎಲ್ಲ ಸತ್ತವು, ಚೀಲದ ಸಂದಿಯಲ್ಲಿ ವಾಸನೆ. ಆಮೇಲಿನ ವಾರ ಹಮಾಲರು "ಸಾಹುಕಾರ್ರೆ, ಕಾಲಿಗೆ ಏನೋ ಹಾರಿ ಹಾರಿ ಕಚ್ಚುತ್ತೆ" ಅಂತ ಗೊಣಗಿದರು. ನಾನು ಗಮನ ಕೊಡಲಿಲ್ಲ. ಅವರಲ್ಲಿ ಒಬ್ಬ ಹತ್ತು ದಿನ ಜ್ವರ ಅಂತ ಬರಲೇ ಇಲ್ಲ. ಅದು ಇದೇನಾ ಅಂತ ಈಗ ಹೇಳಲು ಆಗಲ್ಲ, ಆದರೆ ಮನಸ್ಸಿಗೆ ಚುಚ್ಚುತ್ತಿದೆ.

ಪಿಎಚ್‌ಸಿ ಡಾಕ್ಟರ್
ಸಾಹುಕಾರ್ರೆ, ಇದನ್ನು ಬರೆದದ್ದು ಒಳ್ಳೆಯದಾಯಿತು. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಚಿಗಟಗಳು ಅದನ್ನು ಬಿಟ್ಟು ಬೆಚ್ಚಗಿನ ಮೈ ಹುಡುಕಿಕೊಂಡು ಹೊರಡುತ್ತವೆ. ಹತ್ತಿರ ಇರುವುದು ಮನುಷ್ಯನ ಕಾಲು. ಅದಕ್ಕೇ ಮೊದಲು ಚಿಗಟ, ಆಮೇಲೆ ಇಲಿ. ಇಲಿ ಓಡಾಡುವ ದಾರಿ, ಬಿಲದ ಬಾಯಿ, ಗೋಡೆಯಂಚಿಗೆ ಚಿಗಟ ಸಾಯುವ ಔಷಧ ಮೊದಲು ಹಾಕಿಸಿ, ಅದು ಕೆಲಸ ಮಾಡಿದ ಮೇಲೆ ಇಲಿಗೆ ಕೈ ಹಾಕಿ. ಕಾಳಿನ ಗೋಡೌನ್ ಆದ್ದರಿಂದ ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಬಾಲ ಹಿಡಿದು ಎಸೆಯಬೇಡಿ. ಹಮಾಲರಿಗೆ ಮುಚ್ಚಿದ ಚಪ್ಪಲಿ, ಉದ್ದ ಪ್ಯಾಂಟು ಕೊಡಿಸಿ.

ಗಾಂಧಿ ಬಜಾರ್ ವರ್ತಕ
ಕೊಡಿಸುತ್ತೇನೆ. ಆ ಹುಡುಗನನ್ನು ನಾಳೆಯೇ ಕರೆದು ಮಾತಾಡಿಸುತ್ತೇನೆ.

ಬೆಕ್ಕಿನ ಮನೆ
ಈ ಚರ್ಚೆಯ ಫೋಟೊ ತೆಗೆದು ಯಾರೋ ನಮ್ಮ ಬೀದಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ, "ಬೆಕ್ಕಿನಿಂದ ಹೊಸ ಜ್ವರ, ಮನೆಯಿಂದ ಓಡಿಸಿ" ಅಂತ. ಎದುರು ಮನೆಯವರು ಎರಡು ಮರಿಗಳನ್ನು ಚೀಲದಲ್ಲಿ ಹಾಕಿ ಹೊಳೆ ದಂಡೆಗೆ ಬಿಟ್ಟು ಬಂದರಂತೆ. ಹೀಗೆ ಮಾಡಬೇಡಿ ಅಂತ ಯಾರಾದರೂ ತಿಳಿದವರು ಬರೆಯಿರಿ, ನಾನು ಅದನ್ನೇ ಅಲ್ಲಿಗೆ ಕಳಿಸುತ್ತೇನೆ. ನನಗೆ ಅಳುವೇ ಬಂದಿದೆ.

ಪಶುವೈದ್ಯ (ಸಾಗರ ತಾಲ್ಲೂಕು)
ಬರೆಯುತ್ತೇನೆ ತಂಗಿ, ಕಳಿಸು. ಬೆಕ್ಕನ್ನು ಓಡಿಸಿದರೆ ಚಿಗಟ ಹೋಗಲ್ಲ. ಚಿಗಟದ ಮೊಟ್ಟೆ, ಮರಿಹುಳ, ಗೂಡು ಎಲ್ಲ ಇರುವುದು ನೆಲದ ಬಿರುಕು, ಚಾಪೆ, ಹಾಸಿಗೆ, ಧೂಳಿನಲ್ಲಿ. ಬೆಕ್ಕಿನ ಮೈಮೇಲೆ ಕಾಣುವುದು ಸ್ವಲ್ಪ ಭಾಗ ಅಷ್ಟೇ. ಬೆಕ್ಕು ಹೋದರೆ ಹಸಿದ ಚಿಗಟ ನಿಮ್ಮನ್ನೇ ಕಚ್ಚುತ್ತೆ, ಜೊತೆಗೆ ಇಲಿಯೂ ಜಾಸ್ತಿ ಆಗುತ್ತೆ. ಬೆಕ್ಕಿಗೆ ತಿಂಗಳಿಗೊಮ್ಮೆ ಕತ್ತಿನ ಹಿಂದೆ ಹಾಕುವ ಹನಿ ಔಷಧ ಸಿಗುತ್ತೆ, ಪಶು ಆಸ್ಪತ್ರೆಯಲ್ಲಿ ಕೇಳಿ ತೂಕಕ್ಕೆ ತಕ್ಕ ಹಾಗೆ ಹಾಕಿಸಿ. ಒಂದು ವಿಷಯ ಕೈಮುಗಿದು ಹೇಳುತ್ತೇನೆ. ನಾಯಿಗೆ ಅಂತ ತಂದ ಪರ್ಮೆತ್ರಿನ್ ಇರುವ ಔಷಧವನ್ನು ಬೆಕ್ಕಿಗೆ ಹಾಕಬೇಡಿ, ಬೆಕ್ಕಿಗೆ ಅದು ವಿಷ. ಹೋದ ತಿಂಗಳು ಕೂಡ ನಡುಗುತ್ತಾ ಬಂದ ಬೆಕ್ಕೊಂದು ನನ್ನ ಮೇಜಿನ ಮೇಲೇ ಸತ್ತಿತು.

ಮನೆಯಲ್ಲಿ ಚಿಗಟ ಇದೆಯಾ ಅಂತ ನೋಡಲು ಸುಲಭದ ದಾರಿ ಇದೆ. ಬೆಕ್ಕು ಮಲಗುವ ಜಾಗದ ಕರಿ ಪುಡಿಯನ್ನು ಒದ್ದೆ ಮಾಡಿದ ಬಿಳಿ ಕಾಗದ ಅಥವಾ ಪಂಚೆಯ ತುಂಡಿನ ಮೇಲೆ ಉದುರಿಸಿ. ಬರೀ ಮಣ್ಣಾದರೆ ಮಣ್ಣಿನ ಹಾಗೇ ಇರುತ್ತೆ. ಚಿಗಟದ ಹಿಕ್ಕೆ ಆದರೆ ಒಂದೆರಡು ನಿಮಿಷದಲ್ಲಿ ಸುತ್ತ ಕೆಂಪು ಮಿಶ್ರಿತ ಕಂದು ಬಣ್ಣ ಬಿಡುತ್ತೆ. ಅದು ಜೀರ್ಣವಾದ ರಕ್ತ.

ತುಂಗೆಯ ದಡ
ಸರ್, ಬೀಗ ಹಾಕಿದ ಮನೆಯಲ್ಲಿ ಆ ಬೆಕ್ಕು ಬಿಟ್ಟು ಹೋದ ಮೇಲೂ ಚಿಗಟ ಹೇಗೆ ಬದುಕಿತ್ತು? ನಮ್ಮಲ್ಲಿ ಅಂಥ ಮನೆಗಳು ಒಂದಾ ಎರಡಾ. ಮಕ್ಕಳೆಲ್ಲ ಬೆಂಗಳೂರು ಸೇರಿ, ಹಬ್ಬಕ್ಕೆ ಒಮ್ಮೆ ಬಾಗಿಲು ತೆಗೆಯುವ ಮನೆಗಳೇ ನಮ್ಮೂರಲ್ಲಿ ಜಾಸ್ತಿ.

ಪಶುವೈದ್ಯ
ಚಿಗಟದ ಮರಿಹುಳ ರೇಷ್ಮೆ ಥರ ಗೂಡು ಕಟ್ಟಿಕೊಂಡು ಒಳಗೆ ಕೂರುತ್ತೆ. ಅದರೊಳಗೆ ಬೆಳೆದು ತಯಾರಾದ ಚಿಗಟ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಕಾಯುತ್ತೆ. ಯಾರಾದರೂ ನಡೆದ ಅದಿರಾಟ, ಮೈ ಬಿಸಿ, ಉಸಿರು ಗೊತ್ತಾದ ಕೂಡಲೇ ಗೂಡು ಒಡೆದು ಹೊರಗೆ ಬರುತ್ತೆ. ಅದಕ್ಕೇ ಖಾಲಿ ಮನೆಗೆ ಕಾಲಿಟ್ಟ ಮೊದಲ ದಿನವೇ ಮುತ್ತಿಕೊಳ್ಳುವುದು. ಬಿಳಿ ಕಾಲುಚೀಲವನ್ನು ಮೊಣಕಾಲ ತನಕ ಎಳೆದುಕೊಂಡು ಒಳಗೆ ಹತ್ತು ನಿಮಿಷ ಓಡಾಡಿ ಹೊರಗೆ ಬಂದು ನೋಡಿ. ಇದ್ದರೆ ಎಳ್ಳಿನ ಹಾಗೆ ಹತ್ತಿಕೊಂಡಿರುತ್ತವೆ.

ಅಡಿಕೆ ತೋಟ
ಡಾಕ್ಸಿಸೈಕ್ಲಿನ್ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂದರೆ ಮನೆಯಲ್ಲಿ ಒಂದು ಸ್ಟ್ರಿಪ್ ಇಟ್ಟುಕೊಂಡರೆ ಆಗಲ್ವಾ ಡಾಕ್ಟ್ರೇ? ಆಸ್ಪತ್ರೆ ನಮಗೆ ಇಪ್ಪತ್ತೆಂಟು ಕಿಲೋಮೀಟರ್, ಮಳೆಗಾಲದಲ್ಲಿ ಬಸ್ಸೂ ಸರಿ ಇಲ್ಲ.

ಪಿಎಚ್‌ಸಿ ಡಾಕ್ಟರ್
ನಿಮ್ಮ ಕಷ್ಟ ಗೊತ್ತು. ಆದರೂ ಬೇಡ. ಮಲೆನಾಡಿನ ಜ್ವರಕ್ಕೆ ನೀವೇ ಮಾತ್ರೆ ನುಂಗಿ ಮೂರು ದಿನ ಕಾದು, ಅದು ಮಂಗನ ಕಾಯಿಲೆಯೋ ಡೆಂಗ್ಯೂವೋ ಆಗಿದ್ದರೆ ಆ ಮೂರು ದಿನ ಮತ್ತೆ ಸಿಗಲ್ಲ. ಅವು ವೈರಸ್, ಡಾಕ್ಸಿಗೆ ಬಗ್ಗಲ್ಲ. ರಕ್ತಸ್ರಾವ ಆಗಬಹುದು.

ಆದರೆ ವೈದ್ಯರ ಕಡೆಯಿಂದ ಒಂದು ಮಾತು ಇದೆ. ಟೈಫಸ್ ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಡಾಕ್ಸಿ ಶುರು ಮಾಡಬೇಕು. 2015ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿಯಲ್ಲೂ ಅದೇ ಇದೆ. ಈ ಕ್ರಿಮಿ ನಮ್ಮ ಜೀವಕೋಶದ ಒಳಗೆ ಕೂತು ಬೆಳೆಯುವಂಥದ್ದು, ಪೆನಿಸಿಲಿನ್ ಗುಂಪಿನ ಔಷಧ, ಟೈಫಾಯ್ಡ್‌ಗೆ ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಎಲ್ಲ ಅದಕ್ಕೆ ನಾಟಲ್ಲ. ಡಾಕ್ಸಿ ಕೊಟ್ಟರೆ ಹೆಚ್ಚಿನವರಿಗೆ ಎರಡು ದಿನದಲ್ಲಿ ಜ್ವರ ಇಳಿಯುತ್ತೆ. ಸರಿಯಾದ ಔಷಧ ಸಿಕ್ಕಿದರೆ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. ತಡವಾದರೆ ಶ್ವಾಸಕೋಶ, ಕಿಡ್ನಿ, ಮೆದುಳಿಗೂ ಹೋಗಬಹುದು, ವಯಸ್ಸಾದವರಿಗೆ ಜಾಸ್ತಿ. ಮಾತ್ರೆಯನ್ನು ಒಂದು ದೊಡ್ಡ ಲೋಟ ನೀರಿನ ಜೊತೆ ನುಂಗಿ, ತಕ್ಷಣ ಮಲಗಬೇಡಿ, ಗಂಟಲಲ್ಲಿ ನಿಂತರೆ ಸುಡುತ್ತೆ. ಜ್ವರ ಬಿಟ್ಟಿತು ಅಂತ ಅರ್ಧಕ್ಕೆ ನಿಲ್ಲಿಸಬೇಡಿ. ಗರ್ಭಿಣಿಯರು ಮೊದಲೇ ಹೇಳಿ, ಅವರಿಗೆ ಬೇರೆ ಯೋಚಿಸುತ್ತೇವೆ.

ಬೆಕ್ಕಿನ ಮನೆ
ಮಕ್ಕಳಿಗೆ ಡಾಕ್ಸಿ ಕೊಟ್ಟರೆ ಹಲ್ಲು ಹಳದಿ ಆಗುತ್ತೆ ಅಂತಾರಲ್ಲ?

ಪಿಎಚ್‌ಸಿ ಡಾಕ್ಟರ್
ಅದು ಹಳೆಯ ಟೆಟ್ರಾಸೈಕ್ಲಿನ್‌ನಿಂದ ಬಂದ ಹೆದರಿಕೆ. ಟೈಫಸ್‌ಗೆ ಕೊಡುವಷ್ಟು ಕಡಿಮೆ ದಿನಕ್ಕೆ ಡಾಕ್ಸಿಯಿಂದ ಹಲ್ಲಿನ ಬಣ್ಣ ಕೆಟ್ಟದ್ದು ಕಂಡಿಲ್ಲ. ಈ ಜ್ವರಕ್ಕೆ ಎಲ್ಲ ವಯಸ್ಸಿನ ಮಕ್ಕಳಿಗೂ ಅದೇ ಮೊದಲ ಔಷಧ. ಇನ್ನೊಂದು ಸಮಾಧಾನ, ಇದು ಮನುಷ್ಯರಿಂದ ಮನುಷ್ಯರಿಗೆ ಹರಡಲ್ಲ. ಮನೆಯಲ್ಲಿ ಒಬ್ಬರಿಗೆ ಬಂದರೆ ತಟ್ಟೆ ಲೋಟ ಬೇರೆ ಇಡುವುದೆಲ್ಲ ಬೇಕಿಲ್ಲ. ಲಸಿಕೆ ಮಾತ್ರ ಇಲ್ಲ.

ಗಾಂಧಿ ಬಜಾರ್ ವರ್ತಕ
ಹುಡುಗನ ಹತ್ತಿರ ಮಾತಾಡಿದೆ. ಹತ್ತು ದಿನದ ಜ್ವರದಲ್ಲಿ ಮೂರು ಕಡೆ ತೋರಿಸಿದ್ದನಂತೆ, ಗೋಡೌನಿನ ಇಲಿ ವಿಷಯ ಎಲ್ಲೂ ಹೇಳಿಲ್ಲ. ಯಾಕಪ್ಪಾ ಅಂದರೆ "ಜ್ವರಕ್ಕೂ ಇಲಿಗೂ ಏನು ಸಂಬಂಧ ಸಾಹುಕಾರ್ರೆ, ನಿಮ್ಮ ಅಂಗಡಿ ಹೆಸರು ಹಾಳಾಗುತ್ತೆ ಅಂತ ಸುಮ್ನಾದೆ" ಅಂದ. ನನಗೆ ಮಾತೇ ಹೊರಡಲಿಲ್ಲ. ಖರ್ಚಾದ ದುಡ್ಡು ಕೊಟ್ಟೆ. ನಾಳೆಯಿಂದ ಗೋಡೌನ್ ಖಾಲಿ ಮಾಡಿಸಿ, ಡಾಕ್ಟರು ಹೇಳಿದ ಹಾಗೆ ಮೊದಲು ಚಿಗಟಕ್ಕೆ ಔಷಧ, ಆಮೇಲೆ ಬಿಲಗಳಿಗೆ ಗಾಜಿನ ಚೂರು ಸಿಮೆಂಟು.

ತುಂಗೆಯ ದಡ
ಎಲ್ಲರಿಗೂ ತಿಳಿಸಬೇಕು ಅಂತ ಮತ್ತೆ ಬರೆಯುತ್ತಿದ್ದೇನೆ. ಭಾನುವಾರ ನಾನು, ತಮ್ಮ, ತೋಟ ನೋಡಿಕೊಳ್ಳುವ ಅಣ್ಣ ಮೂವರೂ ಮನೆಗೆ ಹೋಗಿದ್ದೆವು. ಮೊದಲು ಬಿಳಿ ಕಾಲುಚೀಲ ಹಾಕಿಕೊಂಡು ನಾನೊಬ್ಬಳೇ ಒಳಗೆ ಹೋದೆ. ಜಗುಲಿಯಲ್ಲಿ ಏನೂ ಇಲ್ಲ, ನಡುಮನೆಯಲ್ಲಿ ಒಂದು. ಅಟ್ಟದ ಏಣಿ ಕೆಳಗೆ ನಿಂತು ಬಂದು ನೋಡಿದರೆ ಎಡಗಾಲಲ್ಲಿ ಏಳು, ಬಲಗಾಲಲ್ಲಿ ನಾಲ್ಕು. ಮೂಲೆಯ ಗೋಣಿಚೀಲದ ಪುಡಿಯನ್ನು ಅಪ್ಪನ ಹಳೆ ಪಂಚೆಯ ಒದ್ದೆ ತುಂಡಿನ ಮೇಲೆ ಉದುರಿಸಿದೆ. ಮೂವರೂ ಬಗ್ಗಿ ನೋಡುತ್ತಾ ಕೂತೆವು. ಒಂದೊಂದು ಕರಿ ಕಾಳಿನ ಸುತ್ತಲೂ ನಿಧಾನವಾಗಿ ಕೆಂಪು ಬಿಟ್ಟುಕೊಂಡಿತು. ತಮ್ಮ ಏನೂ ಮಾತಾಡದೆ ಎದ್ದು ಹೋಗಿ ಬಚ್ಚಲಲ್ಲಿ ಸೋಪು ಹಾಕಿ ಕೈ ತೊಳೆದುಕೊಂಡು ಬಂದ.

ಗುಡಿಸಲಿಲ್ಲ, ಧೂಳು ಏಳಿಸಬಾರದು ಅಂತ. ಔಷಧ ಹೊಡೆಯುವವರನ್ನು ಕರೆಸಿ ಹೊಡೆಸಿದೆವು, ಗೂಡಿನಲ್ಲಿ ಕೂತವು ಹೊರಗೆ ಬರುತ್ತವೆ ಅಂತ ಎರಡು ವಾರ ಬಿಟ್ಟು ಇನ್ನೊಮ್ಮೆ ಬರಲು ಹೇಳಿದ್ದೇವೆ. ಚೀಲಗಳನ್ನು ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳಕ್ಕೆ ತಂದು ಸುಟ್ಟೆವು. ಇಲಿ ಬೋನು ಎರಡನೇ ಔಷಧ ಆದ ಮೇಲೆ.

ತೋಟದ ಅಣ್ಣನ ಹೆಂಡತಿಗೆ ನಾಲ್ಕು ದಿನದಿಂದ ಜ್ವರವಂತೆ. ಅವರೂ ಆ ಅಟ್ಟದಲ್ಲಿ ಚೀಲ ತೆಗೆದಿದ್ದರು. ಅಲ್ಲಿಂದಲೇ ಕಾರಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಚೀಟಿ ಬರೆಸುವಾಗಲೇ ನಾನು ಹೇಳಿದೆ, "ಇವರು ಚಿಗಟ ಇರುವ ಅಟ್ಟದಲ್ಲಿ ಕೆಲಸ ಮಾಡಿದ್ದಾರೆ, ಇಂಥ ದಿನ, ನನ್ನ ತಮ್ಮನಿಗೆ ಅಲ್ಲಿಂದಲೇ ಮ್ಯೂರಿನ್ ಟೈಫಸ್ ಬಂದಿತ್ತು, ವರದಿ ಇಲ್ಲಿದೆ." ಡಾಕ್ಟರ್ ವರದಿ ಓದಿ, ಎರಡು ಪ್ರಶ್ನೆ ಕೇಳಿ, ಹೊಟ್ಟೆ ನೋಡಿ, ರಕ್ತ ತೆಗೆಸಿ ಅವತ್ತೇ ಮಾತ್ರೆ ಶುರು ಮಾಡಿದರು.

ರಕ್ತ ಪರೀಕ್ಷೆ
ಅಕ್ಕಾ, ಎರಡನೇ ರಕ್ತ ಕೊಡಲು ಮೂರು ವಾರ ಬಿಟ್ಟು ಮರೆಯದೆ ಕರೆದುಕೊಂಡು ಬನ್ನಿ. ಲೆಕ್ಕಕ್ಕೆ ಸಿಗಲಿ.

ತುಂಗೆಯ ದಡ
ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ. ಇವತ್ತು ಬೆಳಗ್ಗೆ ಜ್ವರ ಬಿಟ್ಟಿದೆ.